ಮುತ್ತಜ್ಜನ ಹೆಸರು ಯಾವ ಕಡತದಲ್ಲಿದೆ?

ಪ್ರಶ್ನೆ: ನಮ್ಮ ಮುತ್ತಜ್ಜ ಓದು ಬರಹ ಬಾರದ ರೈತರು. ಜನನ ಪತ್ರವಿಲ್ಲ, ಒಂದು ಫೋಟೊ ಕೂಡ ಇಲ್ಲ. ಅವರ ಬಗ್ಗೆ ದಾಖಲೆಗಳಲ್ಲಿ ಏನಾದರೂ ಸಿಕ್ಕೀತೆ?

ಉತ್ತರ: ಖಂಡಿತ ಸಿಗಬಹುದು. ಆದರೆ ಹುಟ್ಟಿನ ಬೆನ್ನು ಹತ್ತಬೇಡಿ, ಜಮೀನಿನ ಜಾಡು ಹಿಡಿಯಿರಿ. ಜನನ ಮರಣ ನೋಂದಣಿಯನ್ನು ದೇಶದಾದ್ಯಂತ ಕಡ್ಡಾಯ ಮಾಡಿದ ಕಾಯ್ದೆ ಬಂದದ್ದೇ 1969ರಲ್ಲಿ. ಭೂಮಿಯ ಲೆಕ್ಕ ಅದಕ್ಕಿಂತ ಬಹಳ ಹಳೆಯದು.

ಮೊದಲು ಕುಟುಂಬದ ಜಮೀನಿನ ಈಗಿನ ಪಹಣಿ (ಹಕ್ಕು, ಬೆಳೆಯ ವಿವರ ಇರುವ ಆರ್‌ಟಿಸಿ) ತೆಗೆಸಿ. 9ನೇ ಕಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಜಮೀನು ಅವರಿಗೆ ಹೇಗೆ ಬಂತೆಂಬುದು, ಜೊತೆಗೆ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ಸಂಖ್ಯೆ ಇರುತ್ತದೆ. ಆ ಸಂಖ್ಯೆ ಮತ್ತು ವರ್ಷ ಬರೆದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಮ್ಯುಟೇಶನ್ ನಕಲಿಗಾಗಿ ಅರ್ಜಿ ಹಾಕಿ. ‘ಪೌತಿ’ ಎಂದಿದ್ದರೆ ತೀರಿಕೊಂಡವರು ಯಾರು, ವಾರಸುದಾರರು ಯಾರು ಎಂಬುದು ಅಲ್ಲೇ ತಿಳಿಯುತ್ತದೆ. ಅದರ ಹಿಂದಿನ ವರ್ಷದ ಕೈಬರಹದ ಪಹಣಿ ಕೇಳಿ, ಇನ್ನೊಂದು ಎಂ.ಆರ್. ಹಿಡಿದು ಹಿಂದಕ್ಕೆ ಹೋಗಿ. ಪೌತಿ ಖಾತೆಯ ದಿನಾಂಕವನ್ನು ಸಾವಿನ ದಿನಾಂಕವೆಂದು ಬರೆದುಕೊಳ್ಳಬೇಡಿ. ಎಷ್ಟೋ ಮನೆಗಳಲ್ಲಿ ಸತ್ತು ಹತ್ತಾರು ವರ್ಷವಾದ ಮೇಲೆ ಖಾತೆ ಬದಲಾಗಿದೆ.

ಜಾಡು ತಪ್ಪುವುದು ಹೆಚ್ಚಾಗಿ ಪೋಡಿಯಲ್ಲಿ, ಅಂದರೆ ಒಂದು ಸರ್ವೆ ನಂಬರನ್ನು ಹಿಸ್ಸಾಗಳಾಗಿ (ಭಾಗಗಳಾಗಿ) ಒಡೆದಾಗ. ಇಂದಿನ 45/3 ಹಿಂದೆ ಬರೀ 45 ಆಗಿದ್ದೀತು, ಹಾಗಾಗಿ ಮೂಲ ನಂಬರಿನ ಎಲ್ಲ ಹಿಸ್ಸಾಗಳನ್ನೂ ನೋಡಿ. ಇನ್ನೊಂದು ತೊಡಕು ಹೆಸರಿನದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ‘ಕೆಂಚಯ್ಯ ಬಿನ್ ರಾಮಯ್ಯ’ ಒಂದು ತಲೆಮಾರು ಬಿಟ್ಟು ಮತ್ತೆ ಬರಬಹುದು. ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ. ಹೆಸರೊಂದನ್ನೇ ನಂಬದೆ ಎಕರೆ, ಗುಂಟೆಯ ವಿಸ್ತೀರ್ಣವನ್ನೂ ತಾಳೆ ನೋಡಿ. ಹಳೆಯ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟಿರುವುದು ಸಾಮಾನ್ಯ. ಅವರನ್ನು ಮನೆಯ ಹಿರಿಯರಲ್ಲೇ ಕೇಳಿ ಸೇರಿಸಬೇಕು.

ಸ್ವಂತ ಜಮೀನೇ ಇರಲಿಲ್ಲವೆ? ಗೇಣಿ ಮಾಡುತ್ತಿದ್ದವರ ಹೆಸರು 12ನೇ ಕಲಂನಲ್ಲಿ ಸಿಕ್ಕೀತು. 1974ರ ಭೂಸುಧಾರಣೆಯ ನಂತರ ಮನೆಯವರು ನಮೂನೆ 7 (ಉಳುವ ಜಮೀನಿನ ಹಕ್ಕು ಕೇಳಿ ಗೇಣಿದಾರರು ಹಾಕುತ್ತಿದ್ದ ಅರ್ಜಿ) ಸಲ್ಲಿಸಿದ್ದರೆ ಭೂ ನ್ಯಾಯಮಂಡಳಿಯ ಆ ಕಡತವನ್ನು ಬಿಡಲೇಬೇಡಿ. ಎಷ್ಟು ವರ್ಷದಿಂದ ಉಳುತ್ತಿದ್ದರು, ಒಡೆಯ ಯಾರು ಎಂಬುದನ್ನು ಗೇಣಿದಾರರೇ ಹೇಳಿದ ಹೇಳಿಕೆ ಅದರಲ್ಲಿರಬಹುದು. ಬೇರೆ ಯಾವ ಕಾಗದದಲ್ಲೂ ಬಡ ರೈತನ ಮಾತು ಇಷ್ಟು ಹತ್ತಿರದಿಂದ ಕೇಳಿಸುವುದಿಲ್ಲ.

ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕ್ರಯಪತ್ರವಿದ್ದರೆ ಜೋಪಾನ ಮಾಡಿ. ಉಪನೋಂದಣಿ ಕಚೇರಿಯ ಹಳೆಯ ಪುಸ್ತಕಗಳಲ್ಲಿರುವುದು ಕೈಯಲ್ಲಿ ಬರೆದುಕೊಂಡ ಪ್ರತಿ. ಮುತ್ತಜ್ಜ ಹೆಬ್ಬೆಟ್ಟು ಒತ್ತಿದ್ದರೆ ಆ ಗುರುತು ನಿಮ್ಮ ಕೈಯಲ್ಲಿರುವ ಮೂಲ ಪತ್ರದಲ್ಲಿ ಸಿಕ್ಕೀತು.