ಕ್ರೀಮ್ ಡಬ್ಬದ ಮೇಲಿನ ನಂಬರ್ ಓದುವುದು ಹೇಗೆ?

ಬ್ಯೂಟಿಷಿಯನ್ ಕೋರ್ಸಿನ ಗೆಳತಿಯರಿಗೆ ಈ ಟಿಪ್ಪಣಿ. ಕಾನೂನು ಅಂದ ಕೂಡಲೇ ಪುಟ ತಿರುವಬೇಡಿ. ನಾಳೆ ಪಾರ್ಲರ್ ಇಟ್ಟಾಗ ಗಿರಾಕಿಯ ಮುಖಕ್ಕೆ ಹಚ್ಚುವವರು ನಾವೇ ಅಲ್ವಾ?

ಮೊದಲು ಒಂದು ಗೊಂದಲ ಬಿಡಿಸೋಣ. ‘ರಿಜಿಸ್ಟ್ರೇಷನ್ ಇದೆಯಾ ನೋಡು’ ಅಂತ ಎಲ್ಲರೂ ಹೇಳುತ್ತಾರೆ. ಆದರೆ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ರಿಜಿಸ್ಟ್ರೇಷನ್ ಬೇಕಾಗಿರುವುದು ಹೊರದೇಶದಿಂದ ಬರುವ ಮಾಲಿಗೆ. ಅದನ್ನು ಕೊಡುವುದು ದಿಲ್ಲಿಯ ಸಿಡಿಎಸ್‌ಸಿಒ, ಅಂದರೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ. ಭಾರತದಲ್ಲೇ ತಯಾರಾದದ್ದಕ್ಕೆ ಬೇಕಾದದ್ದು ತಯಾರಿಕಾ ಲೈಸೆನ್ಸ್. ಅದನ್ನು ಕಾರ್ಖಾನೆ ಇರುವ ರಾಜ್ಯವೇ ಕೊಡುತ್ತದೆ. ಹಾಗಾಗಿ ಹೈದರಾಬಾದಿನಲ್ಲಿ ತಯಾರಾದ ಪೌಡರ್ ಕೇಂದ್ರದ ಆಮದು ಪಟ್ಟಿಯಲ್ಲಿ ಸಿಗಲಿಲ್ಲ ಅಂತ ಅದನ್ನು ನಕಲಿ ಎನ್ನಬೇಡಿ. ಅದು ಅಲ್ಲಿ ಇರುವುದೇ ಇಲ್ಲ.

ಇನ್ನೊಂದು ವಿಷಯ. ಸೌಂದರ್ಯವರ್ಧಕ ಮಾರುವ ಅಂಗಡಿಗೆ ಮೆಡಿಕಲ್ ಶಾಪಿನ ಹಾಗೆ ಔಷಧ ಲೈಸೆನ್ಸ್ ಬೇಕಿಲ್ಲ. ಅಂಗಡಿ ದೊಡ್ಡದು, ಎಸಿ ಇದೆ ಅನ್ನುವುದರಿಂದ ಮಾಲಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಡಬ್ಬವನ್ನೇ ಓದಬೇಕು.

ದೇಶಿ ಮಾಲಿನ ಮೇಲೆ ತಯಾರಕರ ಹೆಸರು, ವಿಳಾಸ, ‘ಎಂ’ ಅಕ್ಷರದ ಜೊತೆ ಲೈಸೆನ್ಸ್ ನಂಬರ್, ‘ಬಿ’ ಅಕ್ಷರದ ಜೊತೆ ಬ್ಯಾಚ್ ನಂಬರ್, ಯಾವಾಗಿನವರೆಗೆ ಬಳಸಬಹುದು ಅನ್ನುವ ದಿನಾಂಕ ಹುಡುಕಿ. ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ, ಎಂಆರ್‌ಪಿ, ತೂಕ, ದೂರು ಕೊಡುವ ವಿಳಾಸವೂ ಇರಬೇಕು. ವಿದೇಶಿ ಮಾಲಿನ ಮೇಲೆ ಭಾರತದ ಆಮದುದಾರರ ಹೆಸರು, ವಿಳಾಸ ಮತ್ತು ‘ಆರ್‌ಸಿ’ ನಂಬರ್, ಅಂದರೆ ಆ ರಿಜಿಸ್ಟ್ರೇಷನ್ ಪತ್ರದ ನಂಬರ್ ಇರಬೇಕು. ಸಾಮಾನ್ಯವಾಗಿ ಇದನ್ನು ಸ್ಟಿಕರ್ ಮಾಡಿ ಅಂಟಿಸಿರುತ್ತಾರೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಕೇಳಿ ನೋಡಿ. ‘ಒರಿಜಿನಲ್ ಅದರೀ ಅಕ್ಕಾ, ದುಬೈ ಮಾಲು’ ಅನ್ನುವವರು ಸಿಗುತ್ತಾರೆ. ಡಬ್ಬದ ಮೇಲೆ ಆಮದುದಾರರ ಹೆಸರೇ ಇರುವುದಿಲ್ಲ. ಅದು ನಿಜಕ್ಕೂ ದುಬೈನಿಂದ ಬಂದಿರಬಹುದು. ಸಂಬಂಧಿಕರು ನಿಮ್ಮ ಸ್ವಂತ ಬಳಕೆಗೆ ತಂದುಕೊಟ್ಟರೆ ಆ ಮಾತು ಬೇರೆ. ಮಾರಾಟಕ್ಕೆ ಇಟ್ಟರೆ ಆರ್‌ಸಿ ಬೇಕೇ ಬೇಕು. ‘ಫಸ್ಟ್ ಕಾಪಿ’ ಅಂದರಂತೂ ಮುಗಿಯಿತು. ಬೇರೆಯವರ ಹೆಸರಿನಲ್ಲಿ ತಯಾರಿಸಿದ ಮಾಲಿಗೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 17ಡಿ ಕಲಂ ‘ನಕಲಿ’ ಅಂತಲೇ ಹೆಸರಿಟ್ಟಿದೆ.

ಇಲ್ಲೇ ಎಡವುವುದು ಜಾಸ್ತಿ: ನಕಲಿ ಮಾಡುವವನು ನಂಬರನ್ನೂ ನಕಲು ಮಾಡುತ್ತಾನೆ. ನಂಬರ್ ಇಲ್ಲದಿದ್ದರೆ ಕೊಳ್ಳಬೇಡಿ; ಇದೆ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಹಾಗಾಗಿ ಅದನ್ನು ಇನ್ನೊಂದು ಕಡೆ ತಾಳೆ ನೋಡಬೇಕು. ಕೇಂದ್ರದ ಆಮದು ಪಟ್ಟಿಯಲ್ಲಿ ಆರ್‌ಸಿ ಯಾರ ಹೆಸರಿನಲ್ಲಿದೆ, ಯಾವ ಬ್ರ್ಯಾಂಡಿಗೆ ಇದೆ ಅನ್ನುವುದು ಸ್ಟಿಕರಿಗೆ ಹೊಂದಬೇಕು. ಅನುಮಾನ ಬಂದರೆ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ನಂಬರ್ ತೆಗೆದುಕೊಂಡು ಫೋನ್ ಮಾಡಿ, ಬ್ಯಾಚ್ ನಂಬರ್ ಹೇಳಿ. ಡಬ್ಬದ ಮೇಲಿನ ಫೋನ್ ನಂಬರಿಗೇ ಮಾಡಿದರೆ ನಕಲಿ ಮಾಡಿದವನೇ ಎತ್ತಬಹುದು! ಹೊರಗಿನ ಪೆಟ್ಟಿಗೆ ಮತ್ತು ಒಳಗಿನ ಟ್ಯೂಬಿನ ಬ್ಯಾಚ್ ನಂಬರ್ ಒಂದೇ ಇದೆಯಾ ಅನ್ನುವುದನ್ನೂ ನೋಡಿ.

ಬಾರ್‌ಕೋಡ್ 890ರಿಂದ ಶುರುವಾದರೆ ಅಸಲಿ ದೇಶಿ ಮಾಲು ಅನ್ನುವ ಮಾತು ವಾಟ್ಸಾಪಿನಲ್ಲಿ ಓಡಾಡುತ್ತದೆ. ಸುಮ್ನೆ ಮಾತು. ಆ ಅಂಕಿ ಕಂಪನಿಗೆ ಬಾರ್‌ಕೋಡ್ ಕೊಟ್ಟದ್ದು ಜಿಎಸ್1 ಅನ್ನುವ ಬಾರ್‌ಕೋಡ್ ಸಂಸ್ಥೆಯ ಭಾರತದ ಶಾಖೆ ಅಂತ ಹೇಳುತ್ತದೆ, ಅಷ್ಟೇ. ಮಾಲು ಎಲ್ಲಿ ತಯಾರಾಯಿತು ಅನ್ನುವುದನ್ನೂ ಹೇಳುವುದಿಲ್ಲ.

ಬಂದಾ ನವಾಜ್ ಉರುಸಿನಲ್ಲೂ ಶರಣಬಸವೇಶ್ವರ ಜಾತ್ರೆಯಲ್ಲೂ ಲೇಬಲ್ ಇಲ್ಲದ ಮಾಲು ಕಂಡರೆ ಹುಷಾರು. ಅತ್ತರಿಗಿಂತ ನನಗೆ ಕಣ್ಣಿಗೆ ಹಚ್ಚುವ ಸುರ್ಮಾದ್ದೇ ಚಿಂತೆ. ಹಳೆಯ ಪದ್ಧತಿಯ ಸುರ್ಮಾದಲ್ಲಿ ಸೀಸದ ಅಂಶ ಇರುತ್ತದೆ. ಸಣ್ಣ ಮಕ್ಕಳ ಮಿದುಳಿಗೆ ಸೀಸ ಕೆಟ್ಟದ್ದು. ಹೆಸರಿಲ್ಲದ ಬಿಳಿ ಮಾಡುವ ಕ್ರೀಮಿನಲ್ಲಿ ಪಾದರಸ ಇರಬಹುದು. ನಿಯಮದ ಪ್ರಕಾರ ಪಾದರಸ ಬೆರೆಸುವಂತಿಲ್ಲ. ತಿಳಿಯದೆ ಸೇರಿದರೂ ಮುಖದ ಕ್ರೀಮಿನಲ್ಲಿ ಹತ್ತು ಲಕ್ಷಕ್ಕೆ 1 ಭಾಗ ಮೀರಬಾರದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಕಿಡ್ನಿ ಕಾಯಿಲೆ ಬಂದವರನ್ನು ವಿಚಾರಿಸಿದಾಗ ಇಂಥ ಕ್ರೀಮುಗಳೇ ಸಿಕ್ಕಿದ್ದವು.

ಸ್ಟಿರಾಯ್ಡ್ ಇರುವ ಟ್ಯೂಬ್ ಸೌಂದರ್ಯವರ್ಧಕವೇ ಅಲ್ಲ, ಔಷಧ. ವೈದ್ಯರ ಚೀಟಿ ಇಲ್ಲದೆ ಪಾರ್ಲರಿನಲ್ಲಿ ಅದನ್ನು ಮುಟ್ಟಬಾರದು.

ಮೋಸ ಆಗಿದೆ ಅನಿಸಿದರೆ ಡಬ್ಬ ಎಸೆಯಬೇಡಿ. ಬಿಲ್ಲು, ಡಬ್ಬ, ಉಳಿದ ಕ್ರೀಮು ಮೂರನ್ನೂ ಎತ್ತಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರೆದುಕೊಡಬಹುದು. ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಪರೀಕ್ಷೆಗೆ ಬರುವ ಪ್ರಶ್ನೆಯೂ ಹೌದು, 1940ರ ಆ ಕಾಯ್ದೆಯ 26ನೇ ಕಲಂ ನೆನಪಿಡಿ: ತಾನು ಕೊಂಡ ಸೌಂದರ್ಯವರ್ಧಕವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಬಿಲ್ಲು ಕೇಳಿ ಪಡೆಯಿರಿ ಅಂತ ಟೀಚರ್ ಪದೇ ಪದೇ ಹೇಳುವುದು ಇದಕ್ಕೇ. ಎಲ್ಲಿ ಕೊಂಡಿರಿ ಅನ್ನುವುದಕ್ಕೆ ಕೈಯಲ್ಲಿ ಚೀಟಿ ಇಲ್ಲದಿದ್ದರೆ ಅಂಗಡಿಯವನು ‘ಇದು ನಮ್ಮ ಮಾಲೇ ಅಲ್ಲರೀ’ ಅಂದುಬಿಡುತ್ತಾನೆ.