ಪೋಸ್ಟರ್ ಹಳೆಯದೋ, ನಿನ್ನೆಯದೋ?

ಮುಂಬೈಯ ಚೋರ್ ಬಜಾರಿನಲ್ಲಿ ಹಳೇ ಸಿನಿಮಾ ಪೋಸ್ಟರುಗಳಿಗೇ ಗಿರಾಕಿ ಜಾಸ್ತಿ. ಅವುಗಳ ನಡುವೆ ಅಪರೂಪಕ್ಕೆ ಚಿತ್ರಕಲಾ ಪ್ರದರ್ಶನದ ಪೋಸ್ಟರೂ ಸಿಕ್ಕೀತು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದು ಇಲ್ಲೇ ನೆಲೆಸಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಹೆಸರು ಕಂಡರಂತೂ ಇಲ್ಲಿನ ಕನ್ನಡಿಗರ ಕೈ ತಾನಾಗೇ ಜೇಬಿಗೆ ಹೋಗುತ್ತದೆ. ಸ್ವಲ್ಪ ತಾಳಿ. ಕಾಗದ ಹಳದಿಯಾಗಿದೆ ಅಂತ ಮರುಳಾಗಬೇಡಿ. ಚಹಾದಲ್ಲಿ ಅದ್ದಿದರೂ ಹಳದಿಯಾಗುತ್ತದೆ.

ಮೊದಲು ಪೋಸ್ಟರಿನ ಮೇಲಿನ ಬರಹ ಸುಮ್ನೆ ಓದಿ. ಮುಂಬೈಯ ಜಹಾಂಗೀರ್ ಆರ್ಟ್ ಗ್ಯಾಲರಿ ಶುರುವಾಗಿದ್ದೇ 1952ರಲ್ಲಿ. ಆರಂಕಿಯ ಪಿನ್‌ಕೋಡ್ ಬಂದಿದ್ದು 1972ರಲ್ಲಿ. ಅದಕ್ಕೂ ಮುಂಚೆ ವಿಳಾಸ ಬರೀ ‘ಬಾಂಬೆ-1’. 1960ರ ಪೋಸ್ಟರಿನಲ್ಲಿ 400001 ಅಂತಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಅಕ್ಷರಗಳ ಅಂಚು ನೋಡಿ. ಆಫ್‌ಸೆಟ್ ಮುದ್ರಣದಲ್ಲಿ ಚಿತ್ರವೆಲ್ಲ ಸಣ್ಣ ಸಣ್ಣ ಚುಕ್ಕೆ. ಆದರೆ ಮೂಲ ಪೋಸ್ಟರಿನಲ್ಲಿ ಅಕ್ಷರಕ್ಕೆ ಸಾಮಾನ್ಯವಾಗಿ ಗಟ್ಟಿ ಶಾಯಿ, ಅಂಚು ಚೂಪು. ಪೋಸ್ಟರನ್ನೇ ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದರೆ ಅಕ್ಷರವೂ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ.

ಇನ್ನೊಂದು ಪರೀಕ್ಷೆಗೆ ಬೇಕಾದ ಸಾಮಾನು ಅಂಗಡಿ, ಹೋಟೆಲುಗಳ ಗಲ್ಲಾದಲ್ಲಿ ಕಾಣಸಿಗುತ್ತದೆ: ನೋಟು ನೋಡುವ ನೀಲಿ ದೀಪ. ಅದು ನೇರಳಾತೀತ ಬೆಳಕು. ಅಸಲಿ ನೋಟು ಹತ್ತಿಯ ಕಾಗದ, ಅದರಡಿ ಮಂಕಾಗೇ ಇರುತ್ತದೆ. ಮಾಮೂಲಿ ಬಿಳಿ ಹಾಳೆ ಮಾತ್ರ ಪಳಪಳ ಹೊಳೆಯುತ್ತದೆ. ಕಾರಣ, ಕಾಗದ ಬೆಳ್ಳಗೆ ಕಾಣಲೆಂದು ಬೆರೆಸುವ ರಾಸಾಯನಿಕ. ನಮ್ಮ ಸೋಪಿನ ಪುಡಿಯಲ್ಲೂ ಅಂಥದ್ದೇ ಇರುತ್ತದೆ. ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕು ಬಿಡುವುದೇ ಅದರ ಕೆಲಸ. ಕಾಗದದಲ್ಲಿ ಇದರ ಬಳಕೆ ಹಬ್ಬಿದ್ದು 1950ರ ನಂತರ. ಹಾಗಾಗಿ 1930ರದ್ದು ಎನ್ನುವ ಪೋಸ್ಟರ್ ಹೊಳೆದರೆ ಅನುಮಾನ ಪಡಲೇಬೇಕು. ಹೊಳೆಯದಿದ್ದರೆ ಹಳೆಯದು ಅಂತಲೂ ಅಲ್ಲ. ಈ ರಾಸಾಯನಿಕ ಇಲ್ಲದ ಕಾಗದ ಈಗಲೂ ಸಿಗುತ್ತದೆ. 1970ರ ಪೋಸ್ಟರಿಗಂತೂ ಈ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ.

ನಿಜವಾದ ಮುಪ್ಪು ಎಲ್ಲ ಕಡೆ ಒಂದೇ ಸಮ ಬರುವುದಿಲ್ಲ. ಬಿಸಿಲಿಗೆ ಹಳದಿ, ಕೆಂಪು ಶಾಯಿ ಬೇಗ ಸೋಲುತ್ತವೆ. ನೀಲಿ, ಕಪ್ಪು ಗಟ್ಟಿಗರು. ಅದಕ್ಕೇ ಗೋಡೆ ಮೇಲಿದ್ದ ಪೋಸ್ಟರು ನೀಲಿಗೆ ತಿರುಗುವುದು. ಫ್ರೇಮ್ ಮುಚ್ಚಿದ್ದ ಅಂಚಿನಲ್ಲಿ ಮಾತ್ರ ಮೊದಲಿನ ಬಣ್ಣ ಇಣುಕುತ್ತಿರುತ್ತದೆ. ಕಾಗದ ಹಳದಿಯಾಗುವುದು ಮರದ ತಿರುಳಿನ ಲಿಗ್ನಿನ್ ಎಂಬ ವಸ್ತುವಿನಿಂದ. ಗಾಳಿ, ಬೆಳಕು ಸೋಕಿ ಅದು ಬಣ್ಣ ಬದಲಿಸುತ್ತದೆ. ಕಾಗದದಲ್ಲೇ ಉಳಿದ ಆಮ್ಲ ನಾರನ್ನು ತುಂಡರಿಸುತ್ತಾ ಹೋಗುತ್ತದೆ, ಮಡಿಸಿದಲ್ಲಿ ಕಾಗದ ಮುರಿಯುತ್ತದೆ.

ಮುಂಬೈ ಮಳೆಗಾಲದಲ್ಲಿ ಗಾಳಿಯ ತೇವ ಶೇಕಡಾ 80 ದಾಟುವುದು ಮಾಮೂಲು. ಬೂಷ್ಟಿಗೆ ಶೇಕಡಾ 70 ಸಾಕು. ಮನೆಯ ಹೊರಗೋಡೆಯ ಒಳಬದಿಗೂ ಪೋಸ್ಟರ್ ತೂಗುಹಾಕಬೇಡಿ. ಫ್ರೇಮಿನ ಗಾಜು ಕಾಗದಕ್ಕೆ ಅಂಟದಂತೆ ನಡುವೆ, ಚಿತ್ರದ ಸುತ್ತ ಆಮ್ಲವಿಲ್ಲದ ರಟ್ಟಿನ ಪಟ್ಟಿ ಇರಲಿ. ಹರಿದಲ್ಲಿ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ: ಕೆಲವು ವರ್ಷದಲ್ಲಿ ಅದರ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ, ತೆಗೆಯಲು ಹೋದರೆ ಚಿತ್ರವೂ ಕಿತ್ತು ಬರುತ್ತದೆ.