ಗೊತ್ತಿದೆ, ಹೇಳೋಕಾಗ್ತಿಲ್ಲ: ಲಕ್ವದ ನಂತರ ಮಾತಿಗಾಗಿ ಮನೆಯವರು ಮಾಡಬೇಕಾದ್ದು

ಲಕ್ವ ಹೊಡೆದು ಮಾತು ಬಿದ್ದುಹೋದವರು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರವೇ ಬಹಳಷ್ಟು ಮನೆಗಳಲ್ಲಿ ಸ್ಲೇಟು ಹೊರಗೆ ಬರುತ್ತದೆ. ಅದರ ಮೇಲೆ ಅ, ಆ, ಇ, ಈ. ವರ್ಷಗಟ್ಟಲೆ ಬ್ಯಾಂಕಿನ ಲೆಕ್ಕ ನೋಡಿದವರನ್ನು, ಇಡೀ ಸಂಸಾರ ನಡೆಸಿದ ಅಜ್ಜಿಯನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಇದರಿಂದ ಉಪಯೋಗ ತೀರಾ ಕಡಿಮೆ, ಆ ವ್ಯಕ್ತಿಗಾಗುವ ಅವಮಾನ ಬಹಳ. ಅವರು ಭಾಷೆಯನ್ನೇ ಕಲಿಯದವರಲ್ಲ. ಪದಗಳು ಒಳಗಿವೆ, ಬೇಕಾದಾಗ ಕೈಗೆ ಸಿಗುತ್ತಿಲ್ಲ. ಹಾಗಾಗಿ ಅವರಿಗೆ ಬೇಕಿರುವುದು ಪಾಠವಲ್ಲ. ಸಮಯ, ಮತ್ತು ಸರಿಯಾದ ಸರದಿಯಲ್ಲಿ ಕೊಡುವ ಸುಳಿವು.

ಮೆದುಳಿನ ಎಡಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಬಲಗೈ, ಬಲಗಾಲು ಸೋಲುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಭಾಷೆಯ ಕೆಲಸ ನಡೆಯುವುದೂ ಅದೇ ಎಡಭಾಗದಲ್ಲಿ. ಬಲಗೈ ಬಳಸುವ ಹೆಚ್ಚುಕಡಿಮೆ ಎಲ್ಲರಲ್ಲೂ ಹೀಗೇ. ಎಡಚರಲ್ಲೂ ಹೆಚ್ಚಿನವರಲ್ಲಿ ಹೀಗೇ. ಅಲ್ಲಿ ಪೆಟ್ಟಾದಾಗ ಬರುವ ಭಾಷೆಯ ತೊಂದರೆಯೇ ಅಫೇಸಿಯಾ. ಲಕ್ವ ಹೊಡೆದವರಲ್ಲಿ ಸುಮಾರು 3ರಲ್ಲಿ ಒಬ್ಬರಿಗೆ ಇದು ಕಾಣಿಸುತ್ತದೆ. ಮಾತಾಡುವುದು, ಕೇಳಿ ಅರ್ಥ ಮಾಡಿಕೊಳ್ಳುವುದು, ಓದು, ಬರಹ ನಾಲ್ಕೂ ಬೇರೆಬೇರೆ ಪ್ರಮಾಣದಲ್ಲಿ ಕೆಡುತ್ತವೆ.

ಮಾತು ಕೆಟ್ಟದ್ದೆಲ್ಲ ಅಫೇಸಿಯಾ ಅಲ್ಲ. ತುಟಿ, ನಾಲಿಗೆಯ ಸ್ನಾಯು ಸೋತು ಮಾತು ತೊದಲಿದರೆ ಅದು ಡಿಸಾರ್ಥ್ರಿಯಾ. ಉಚ್ಚಾರ ಕಲಸಿಹೋದಂತಿದ್ದರೂ ವಾಕ್ಯ ಪೂರ್ತಿ ಇರುತ್ತದೆ. ಕೈ ಆಡುತ್ತಿದ್ದರೆ ಅದೇ ಮಾತನ್ನು ತಪ್ಪಿಲ್ಲದೆ ಬರೆದು ತೋರಿಸುತ್ತಾರೆ. ಮೂರನೆಯದು ಅಪ್ರಾಕ್ಸಿಯಾ. ಸ್ನಾಯುವಿಗೆ ಬಲವಿದೆ, ಪದವೂ ನೆನಪಿದೆ, ನಾಲಿಗೆ ಎಲ್ಲಿಗೆ ಹೋಗಬೇಕೆಂಬ ಅಪ್ಪಣೆ ತಪ್ಪುತ್ತದೆ. ಬಾಯಿ ಹುಡುಕಾಡುತ್ತದೆ, ಒಂದು ಸಲ ‘ದಾಳೆಹಣ್ಣು’, ಇನ್ನೊಂದು ಸಲ ‘ಮಾಳೆಹಣ್ಣು’, ಮೂರನೇ ಸಲ ಸರಿಯಾಗಿ ‘ಬಾಳೆಹಣ್ಣು’. ಇದು ಅಫೇಸಿಯಾದ ಜೊತೆಗೇ ಬರುವುದೂ ಉಂಟು. ಈ ವ್ಯತ್ಯಾಸ ಗೊತ್ತಿರದೆ ದುಡ್ಡು, ಸಮಯ ಎರಡೂ ಪೋಲಾಗುತ್ತವೆ. ಅಕ್ಷರ ತೋರಿಸಿ ಪದ ಕೂಡಿಸುವ ಬೋರ್ಡು ಡಿಸಾರ್ಥ್ರಿಯಾ ಇದ್ದವರಿಗೆ ವರದಾನ. ಅಫೇಸಿಯಾ ಇದ್ದವರಿಗೆ ಅದು ಸಾಮಾನ್ಯವಾಗಿ ಕೈಗೂಡುವುದಿಲ್ಲ, ಕಾಗುಣಿತವೂ ಭಾಷೆಯೇ ಅಲ್ಲವೇ. ಅವರಿಗೆ ಚಿತ್ರ, ಫೋಟೊ, ದೊಡ್ಡದಾಗಿ ಬರೆದ ಇಡೀ ಪದ ಬೇಕು.

ಇನ್ನೊಂದು ಮಾತು, ತಡಮಾಡದೆ ಗಮನಿಸಬೇಕಾದ್ದು. ನೀರು, ಕಾಫಿ ಕುಡಿದಾಗ ಕೆಮ್ಮು, ಕುಡಿದ ಮೇಲೆ ಗಂಟಲಲ್ಲಿ ಗೊರಗೊರ ದನಿ, ಪದೇಪದೇ ಜ್ವರ ಕಂಡರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಕೆಲವರಲ್ಲಿ ಕೆಮ್ಮೂ ಬರುವುದಿಲ್ಲ. ನುಂಗುವ ಪರೀಕ್ಷೆಯನ್ನು ಸ್ಪೀಚ್ ಥೆರಪಿಸ್ಟ್ (ಮಾತು, ನುಂಗುವಿಕೆಯ ಚಿಕಿತ್ಸೆ ಕೊಡುವವರು) ಮಾಡುವವರೆಗೂ ಮಲಗಿದಲ್ಲೇ ಚಮಚದಲ್ಲಿ ನೀರು ಹಾಕಬೇಡಿ. ತೆಳ್ಳಗಿನ ನೀರೇ ಗಂಜಿಗಿಂತ ಹೆಚ್ಚು ಅಪಾಯ. ನೆಟ್ಟಗೆ ಕೂರಿಸಿ ಉಣಿಸಿ, ಉಂಡ ಮೇಲೆ 30 ನಿಮಿಷ ಕೂತೇ ಇರಲಿ.

ಮನೆಯ ಅಭ್ಯಾಸಕ್ಕೆ ಕೂರುವ ಮುಂಚೆ ಟಿವಿ ಆರಿಸಿ. ಒಂದು ಸಲಕ್ಕೆ ಒಬ್ಬರೇ ಮಾತಾಡಿ. ಕನ್ನಡಕ, ಹಿಯರಿಂಗ್ ಏಡ್ ಮೊದಲಿನಿಂದ ಇದ್ದರೆ ಹಾಕಿಸಿ. ಆಸ್ಪತ್ರೆಯ ಗಡಿಬಿಡಿಯಲ್ಲಿ ಪೆಟ್ಟಿಗೆ ಸೇರಿದ ಕನ್ನಡಕ ತಿಂಗಳುಗಟ್ಟಲೆ ಅಲ್ಲೇ ಉಳಿದ ಮನೆಗಳಿವೆ. ಬಲಗಡೆಯ ದೃಷ್ಟಿ ಹೋಗಿರುವ ಸಾಧ್ಯತೆಯೂ ಇದೆ. ತಟ್ಟೆಯ ಬಲ ಅರ್ಧದ ಅನ್ನ ಹಾಗೇ ಉಳಿಯುತ್ತಿದ್ದರೆ ಅನುಮಾನಿಸಿ. ಆಗ ಚಿತ್ರ, ಕಾರ್ಡುಗಳನ್ನು ಅವರ ಎಡಕ್ಕೆ ಇಡಿ. ದಿನಕ್ಕೆ ಒಂದೇ ಸಲ ಒಂದು ಗಂಟೆ ಕೂರಿಸಿ ದಣಿಸುವುದಕ್ಕಿಂತ 15–20 ನಿಮಿಷದಂತೆ ಮೂರು ನಾಲ್ಕು ಸಲ ಒಳ್ಳೆಯದು, ಅದೂ ಬೆಳಗಿನ ಹೊತ್ತಾದರೆ ಇನ್ನೂ ಒಳ್ಳೆಯದು.

ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ್ದು ಹೌದು–ಇಲ್ಲ. ಇಲ್ಲಿ ನಮ್ಮ ಕನ್ನಡದ ಬಳಕೆಯೇ ಮನೆಯವರನ್ನು ಸಿಕ್ಕಿಸುತ್ತದೆ. “ಊಟ ಬೇಡ್ವಾ?” ಎಂದು ಕೇಳುತ್ತೇವೆ, ಅವರು “ಹೂಂ” ಎನ್ನುತ್ತಾರೆ. ಬೇಡ ಎಂದು ಒಪ್ಪಿದರೋ, ಬೇಕು ಎಂದರೋ? ಮೇಲಾಗಿ ‘ಹೂಂ’ ಮತ್ತು ‘ಊಹೂಂ’ ಎರಡೂ ಮೂಗಿನಲ್ಲೇ ಮುಗಿಯುತ್ತವೆ, ಸೋತ ಬಾಯಿಂದ ಬಂದಾಗ ಒಂದೇ ಥರ ಕೇಳಿಸುತ್ತವೆ. ‘ಇಲ್ಲ’, ‘ಅಲ್ಲ’, ‘ಬೇಡ’ ಮೂರರಲ್ಲಿ ಯಾವುದು ಎಲ್ಲಿಗೆ ಎಂಬುದೂ ಅಫೇಸಿಯಾದಲ್ಲಿ ಕಲಸಿಹೋಗುತ್ತದೆ. ಆದ್ದರಿಂದ ಪ್ರಶ್ನೆಯನ್ನು ಯಾವಾಗಲೂ ನೇರವಾಗಿ ಕೇಳಿ: “ಊಟ ಬೇಕಾ?” ಉತ್ತರ ಬಾಯಲ್ಲಿ ಬಂದರೂ ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಮಾಡಿಸಿ, ಇಲ್ಲವೇ ಸರಿ ಗುರುತು, ತಪ್ಪು ಗುರುತು ಇರುವ ಎರಡು ಕಾರ್ಡು ಮುಟ್ಟಿಸಿ. ಖಾತ್ರಿಗೆ ತಿರುಗಿಸಿ ಕೇಳಿ: “ಹಾಗಾದ್ರೆ ಆಮೇಲೆ ಉಣ್ತೀರಾ?” ಮಾತ್ರೆ, ನೋವು, ದುಡ್ಡಿನ ವಿಷಯದಲ್ಲಿ ಒಂದೇ ‘ಹೂಂ’ ನಂಬಿ ಮುಂದುವರಿಯಬೇಡಿ.

ಈಗ ಸುಳಿವಿನ ಸರದಿ. ಕೊಡೆಯ ಚಿತ್ರ ಅಥವಾ ನಿಜವಾದ ಕೊಡೆಯನ್ನೇ ಮುಂದಿಟ್ಟು “ಅಪ್ಪಾ, ಇದೇನು?” ಎಂದು ಕೇಳಿದ್ದೀರಿ. ಮೊದಲ ಸುಳಿವು ಮೌನ. ಬಾಯಿ ಮುಚ್ಚಿ 10–15 ಸೆಕೆಂಡು ಕಾಯಿರಿ. ಕೂತು ನೋಡಿ, ಇದು ಬಹಳ ಉದ್ದ ಅನ್ನಿಸುತ್ತದೆ. ಹೆಚ್ಚಿನ ಮನೆಗಳಲ್ಲಿ ಎರಡನೇ ಸೆಕೆಂಡಿಗೇ ಯಾರಾದರೂ ಉತ್ತರ ಹೇಳಿಬಿಟ್ಟಿರುತ್ತಾರೆ. ಬರಲಿಲ್ಲವೆಂದರೆ ಅರ್ಥದ ಸುಳಿವು: ಯಾವಾಗ ಬಳಸುತ್ತೇವೆ, ಮನೆಯಲ್ಲಿ ಎಲ್ಲಿ ಇಟ್ಟಿರುತ್ತದೆ, ಬಣ್ಣ ಯಾವುದು. ಆಮೇಲೆ ಕೈಸನ್ನೆ, ಬಿಚ್ಚಿ ಹಿಡಿದಂತೆ. ಅವರ ಕೈಯಲ್ಲೂ ಮಾಡಿಸಿ. ಅದೂ ಸಾಲದಿದ್ದರೆ ಅರ್ಧ ವಾಕ್ಯ: “ಮಳೆ ಬರೋ ಹಾಗಿದೆ, ಕೈಯಲ್ಲೊಂದು…” ಎಂದು ದನಿ ಎತ್ತಿ ನಿಲ್ಲಿಸಿ. ನಂತರ ಮೊದಲ ಅಕ್ಷರದ ದನಿ, ತುಟಿ ದುಂಡಗಾಗುವುದು ಅವರಿಗೆ ಕಾಣುವಂತೆ ಎದುರಿಗೆ ಕೂತು: “ಕೊ…” ಆಮೇಲೆ ಬರಹ, ಮೊದಲು ‘ಕೊ’, ಬಳಿಕ ಪೂರ್ತಿ ‘ಕೊಡೆ’. ಕೊನೆಗೆ ಮಾತ್ರ ನೀವು ಹೇಳಿ, ಅವರು ನಿಮ್ಮ ಜೊತೆ ಹೇಳಲಿ.

ಪದ ಬಂತೆಂದು ಅಲ್ಲಿಗೇ ಬಿಟ್ಟರೆ ಉಳಿಯುವುದಿಲ್ಲ. ಕೆಲವು ಸೆಕೆಂಡು ಬಿಟ್ಟು ಅದೇ ಪದ ಕೇಳಿ, ಮತ್ತೆ 1 ನಿಮಿಷಕ್ಕೆ, ಮತ್ತೆ 5 ನಿಮಿಷಕ್ಕೆ. ಪ್ರತಿ ಸಲ ಸುಳಿವನ್ನು ಒಂದೊಂದು ಮೆಟ್ಟಿಲು ಕಡಿಮೆ ಮಾಡಿ. ಯಾವ ಮೆಟ್ಟಿಲಲ್ಲಿ ಪದ ಬರುತ್ತದೆ ಎಂದು ಪುಸ್ತಕದಲ್ಲಿ ಬರೆದಿಡಿ. ‘ಕೊ’ ಎಂದರೆ ಬರುತ್ತಿದ್ದದ್ದು ಈಗ ಅರ್ಧ ವಾಕ್ಯಕ್ಕೇ ಬಂದರೆ ಅದೇ ಪ್ರಗತಿ, ಮತ್ತು ಮುಂದಿನ ಭೇಟಿಯಲ್ಲಿ ಥೆರಪಿಸ್ಟ್ ಕೇಳುವುದೂ ಅದನ್ನೇ. ನಿಮ್ಮ ಮನೆಯಲ್ಲಿ ‘ಛತ್ರಿ’ ಅನ್ನುವುದಾದರೆ ‘ಕೊಡೆ’ ಹೇಳಿಸಬೇಡಿ. ಪಟ್ಟಿಯಲ್ಲಿ ಆ ಮನುಷ್ಯನ ಬದುಕಿನ ಪದಗಳೇ ಇರಲಿ: ಮಕ್ಕಳು ಮೊಮ್ಮಕ್ಕಳ ಹೆಸರು, ಊರು, ಎಲೆ ಅಡಿಕೆ, ಗುಳಿಗೆ, ಪಕ್ಕದ ಮನೆಯವರು. 10–15 ಪದ ಸಾಕು. ಆನೆ, ಒಂಟೆ, ಅನಾನಸ್ ಇರುವ ಮಕ್ಕಳ ಚಾರ್ಟು ಗೋಡೆಯಿಂದ ತೆಗೆಯಿರಿ.

ಎಲ್ಲದಕ್ಕೂ ಹಿಂದಿನ ಪದವೇ ಬರತೊಡಗಿದರೆ, ತಟ್ಟೆಗೂ ‘ಕೊಡೆ’, ಲೋಟಕ್ಕೂ ‘ಕೊಡೆ’ ಎಂದರೆ, ತಿದ್ದುತ್ತಾ ಹೋಗಬೇಡಿ. ಒತ್ತಿದಷ್ಟೂ ಅದೇ ಪದ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕಾರ್ಡು ಮುಚ್ಚಿ, ಒಂದೆರಡು ನಿಮಿಷ ಬೇರೇನಾದರೂ ಮಾಡಿ, ಆಮೇಲೆ ಅದಕ್ಕೆ ಸಂಬಂಧವೇ ಇಲ್ಲದ ಬೇರೆ ಗುಂಪಿನ ಪದ ಎತ್ತಿಕೊಳ್ಳಿ.

ಹೆಸರುಗಳಷ್ಟೇ ಹೇಳಿಸುತ್ತಾ ಕೂತರೆ ಮಾತು ಕಟ್ಟುವುದಿಲ್ಲ. ಕೇಳಿದ್ದು ಹೆಚ್ಚುಕಡಿಮೆ ಅರ್ಥವಾಗುತ್ತದೆ, ಮಾತು ಮಾತ್ರ ತುಂಡುತುಂಡಾಗಿ ಬರುತ್ತದೆ ಎನ್ನುವ ಬಗೆಯೇ ಬ್ರೋಕಾ ಅಫೇಸಿಯಾ. ಅಂಥವರು “ನಾನು… ಅಂಗಡಿ… ಹೋಗು” ಎನ್ನುತ್ತಾರೆ. ‘ಅಂಗಡಿಗೆ’ಯ ‘ಗೆ’ ಇಲ್ಲ, ‘ಹೋದೆ’ಯ ಬಾಲ ಇಲ್ಲ. ಕನ್ನಡದಲ್ಲಿ ಯಾರು, ಯಾವಾಗ ಎಂಬುದೆಲ್ಲ ಕ್ರಿಯಾಪದದ ಬಾಲದಲ್ಲಿ ಕೂತಿದೆ: ಹೋದೆ, ಹೋದಳು, ಹೋಗ್ತೀನಿ, ಹೋಗಲ್ಲ. ಹಾಗಾಗಿ ಈ ಪೆಟ್ಟು ನಮಗೆ ಜೋರಾಗಿ ಕಾಣುತ್ತದೆ. ಆದರೆ ಬಾಲವೇ ಬೇಡದ ಪದಗಳೂ ನಮ್ಮಲ್ಲಿವೆ. ಬೇಕು, ಬೇಡ, ಸಾಕು, ಗೊತ್ತು. ನಾನು, ನೀವು, ಅವರು ಯಾರಾದರೂ ರೂಪ ಬದಲಾಗುವುದಿಲ್ಲ, ಒಂದೊಂದೂ ಇಡೀ ವಾಕ್ಯದ ಕೆಲಸ ಮಾಡುತ್ತದೆ. ಶುರುವಿನಲ್ಲಿ ಇವನ್ನೇ ಹಿಡಿಯಬೇಕು. ‘ನೀರು ಬೇಕು’, ‘ಅನ್ನ ಸಾಕು’ ಬಂದ ಮೇಲೆ ಒಂದು ಕ್ರಿಯೆ ಮಧ್ಯದಲ್ಲಿಟ್ಟು ಸುತ್ತ ಕಟ್ಟಿಸಿ: ‘ಕೊಡು’ ಎಂದು ಬರೆಯಿರಿ. ಯಾರು ಕೊಡ್ತಾರೆ? ಯಾರಿಗೆ? ಏನು? ಡಾಕ್ಟರು–ಮಾತ್ರೆ, ಸೊಸೆ–ಕಾಫಿ, ಮಾಲೀಕರು–ಸಂಬಳ. ಮೂರು ಜೋಡಿ ಅವರಿಂದಲೇ ಬರಲಿ, ಆಮೇಲೆ ಪೂರ್ತಿ ವಾಕ್ಯ.

ಮಾತೇ ಬಾರದವರು ಸೋಮವಾರ, ಮಂಗಳವಾರ ಎಂದು ಭಾನುವಾರದವರೆಗೆ ನಿಲ್ಲದೆ ಹೇಳುವುದು, ಭಜನೆಯಲ್ಲಿ ದನಿ ಸೇರಿಸುವುದು, ಸಿಟ್ಟು ಬಂದಾಗ ಬೈಗುಳ ಸ್ಪಷ್ಟವಾಗಿ ಉದುರುವುದು ಎಲ್ಲ ಇದೆ. ಇದನ್ನು ಕಂಡು “ಬೇಕಂತಲೇ ಮಾತಾಡ್ತಿಲ್ಲ” ಎಂದು ಮನೆಯವರು ಮುನಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಬಾಯಿಪಾಠವಾದ ಮಾತು ಹೊರಬರುವ ದಾರಿ ಬೇರೆ, ಹೊಸದಾಗಿ ಯೋಚಿಸಿ ಹೇಳುವ ಮಾತಿನ ದಾರಿ ಬೇರೆ. 1ರಿಂದ 10 ಎಣಿಸುವವರಿಗೆ “ಮೊಮ್ಮಕ್ಕಳು ಎಷ್ಟು?” ಎಂದರೆ ‘4’ ಹೇಳಲಾಗದೇ ಹೋಗಬಹುದು. ಹಾಡು ಹಾಡಿಸಿದ ಮಾತ್ರಕ್ಕೆ ಮಾತು ಬರುವುದಿಲ್ಲ ಎಂಬುದೂ ಇದಕ್ಕೇ. ಹಾಡಿನ ಬಲವನ್ನು ಮಾತಿಗೆ ತಿರುಗಿಸುವ ವಿಧಾನವೊಂದು 1973ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು, ಹೆಸರು ಮೆಲೊಡಿಕ್ ಇಂಟೊನೇಶನ್ ಥೆರಪಿ. ಕೇಳಿದ್ದು ಅರ್ಥವಾಗುತ್ತದೆ, ಬಾಯಿಂದ ಹೊರಡುವುದಿಲ್ಲ ಎನ್ನುವವರಿಗೆ ಇದು ಹೊಂದುತ್ತದೆ. ‘ನೀ–ರು ಬೇ–ಕು’: ಒಂದು ಎತ್ತರದ ಸ್ವರ, ಒಂದು ತಗ್ಗಿನ ಸ್ವರ, ಅಕ್ಷರಕ್ಕೊಂದರಂತೆ ಅವರ ಎಡಗೈಯಿಂದ ಮೇಜಿನ ಮೇಲೆ ನಾಲ್ಕು ತಟ್ಟು. ಮೊದಲು ಗುನುಗು, ಆಮೇಲೆ ಜೊತೆಯಲ್ಲಿ ಹಾಡು, ಮಧ್ಯದಲ್ಲಿ ನೀವು ದನಿ ಇಳಿಸಿ ನಿಲ್ಲಿಸಿ ಅವರೇ ಮುಗಿಸಲಿ, ನಂತರ ನೀವು ಹೇಳಿದ್ದನ್ನು ಅವರು ಹಿಂದೆ ಹೇಳಲಿ, ಕಡೆಗೆ “ಏನು ಬೇಕು?” ಎಂಬ ಪ್ರಶ್ನೆಗೆ ಅದೇ ಉತ್ತರವಾಗಲಿ. ರಾಗವನ್ನು ವಾರಗಳ ಮೇಲೆ ಮೆಲ್ಲಗೆ ಕಳಚಿ ಸಾದಾ ಮಾತಿಗೆ ತರುತ್ತೇವೆ.

ವರ್ನಿಕೆ ಅಫೇಸಿಯಾದಲ್ಲಿ ಚಿತ್ರ ತಿರುಗುಮುರುಗು. ಮಾತು ಧಾರಾಳ, ಅರ್ಥ ಮಾತ್ರ ಹತ್ತುವುದಿಲ್ಲ. ಪದಗಳು ಅದಲುಬದಲು, ಕೆಲವಂತೂ ಯಾವ ಭಾಷೆಯಲ್ಲೂ ಇಲ್ಲದವು, ಕೇಳಿದ್ದೂ ಅರ್ಥವಾಗುವುದಿಲ್ಲ. ಕೈಕಾಲಿಗೆ ಏನೂ ಆಗಿರದಿದ್ದರೆ ಲಕ್ವ ಎಂಬ ಅನುಮಾನವೇ ಬಾರದೆ ‘ತಲೆ ಕೆಟ್ಟಿದೆ’ ಎಂದು ಬೇರೆ ಕಡೆ ಓಡಾಡಿಸಿ ದಿನ ಕಳೆಯುತ್ತಾರೆ. ಇದ್ದಕ್ಕಿದ್ದಂತೆ ಮಾತು ಹೀಗಾದರೆ ಅದು ತುರ್ತು, ಆ ಗಂಟೆಯೇ ಆಸ್ಪತ್ರೆಗೆ. ಇಂಥವರಿಗೆ ಹೆಚ್ಚು ಮಾತಾಡಿಸುವುದು ಚಿಕಿತ್ಸೆಯಲ್ಲ. ಚಿಕ್ಕ ವಾಕ್ಯ, ಮುಖ್ಯ ಪದ ಕಾಗದದಲ್ಲಿ ದೊಡ್ಡದಾಗಿ, ವಸ್ತು ತೋರಿಸುತ್ತಾ ಮಾತು. ದನಿ ಏರಿಸಬೇಡಿ, ಕಿವಿಗೆ ಏನೂ ಆಗಿಲ್ಲ.

ಮನೆಯಲ್ಲಿ ತುಳು ಅಥವಾ ಉರ್ದು, ಹೊರಗೆ ಕನ್ನಡ, ಕೆಲಸದಲ್ಲಿ ಇಂಗ್ಲಿಷ್ ಇದ್ದವರಿಗೆ ಸಾಮಾನ್ಯವಾಗಿ ಎಲ್ಲ ಭಾಷೆಗೂ ಪೆಟ್ಟಾಗಿರುತ್ತದೆ, ಚೇತರಿಕೆ ಮಾತ್ರ ಒಂದೇ ಸಮ ಇರಬೇಕೆಂದಿಲ್ಲ. ಮನೆಮಾತಿನಿಂದ ಶುರು ಮಾಡಿ. ‘ವಾಟರ್’ ಎಂದರೆ ನೀರು ಕೊಡಿ, ‘ಕನ್ನಡದಲ್ಲಿ ಹೇಳಿ’ ಎನ್ನಬೇಡಿ.

ಚೇತರಿಕೆಯ ವೇಗ ಮೊದಲ 3 ತಿಂಗಳಲ್ಲಿ ಹೆಚ್ಚು. ಆದರೆ “6 ತಿಂಗಳಾಯ್ತು, ಇನ್ನು ಇಷ್ಟೇ” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಜರ್ಮನಿಯ 19 ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಕ್ವ ಆಗಿ 6 ತಿಂಗಳು ದಾಟಿದವರಿಗೇ ವಾರಕ್ಕೆ 10 ಗಂಟೆ ಅಥವಾ ಹೆಚ್ಚು, 3 ವಾರ ಚಿಕಿತ್ಸೆ ಕೊಟ್ಟಾಗ ದಿನನಿತ್ಯದ ಮಾತುಕತೆ ಸುಧಾರಿಸಿತು. ವಾರಕ್ಕೆ ಒಂದು ಸಲ ಅರ್ಧ ಗಂಟೆ ಬಂದು ಹೋದರೆ ಈ ಪ್ರಮಾಣ ಮುಟ್ಟುವುದಿಲ್ಲ. ಮನೆಯ ಅಭ್ಯಾಸ ಅಷ್ಟು ಮುಖ್ಯವಾಗುವುದು ಅದಕ್ಕೇ. ಮಂಕು, ಅಳು, ಊಟ ಬೇಡ ಎನ್ನುವುದು ವಾರಗಟ್ಟಲೆ ನಡೆದರೆ ನರರೋಗ ವೈದ್ಯರಿಗೆ ತಿಳಿಸಿ. ಲಕ್ವದ ನಂತರ ಖಿನ್ನತೆ ಸಾಮಾನ್ಯ, ಔಷಧಿಗೆ ಇಳಿಯುತ್ತದೆ, ಇಳಿಯದೆ ಥೆರಪಿ ಸಾಗುವುದಿಲ್ಲ.

1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ವಾಕ್ ಮತ್ತು ಶ್ರವಣ ವಿಭಾಗ, ಮಂಗಳೂರು–ಮಣಿಪಾಲದ ಕಾಲೇಜುಗಳಲ್ಲಿ ಪರೀಕ್ಷೆ, ಚಿಕಿತ್ಸೆ ಸಿಗುತ್ತದೆ. ಖಾಸಗಿಯಾಗಿ ಹೋಗುವುದಾದರೆ ಥೆರಪಿಸ್ಟರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳುವುದು ನಿಮ್ಮ ಹಕ್ಕು. ಚಿಕಿತ್ಸೆಯ ನಂತರವೂ ತೊಂದರೆ ಶಾಶ್ವತವಾಗಿ ಉಳಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಇದೆ, ಅದರ ವ್ಯಾಖ್ಯೆಯಲ್ಲಿ ಅಫೇಸಿಯಾ ಹೆಸರಿಸಿಯೇ ಬಂದಿದೆ. ನಡೆದಾಡುತ್ತಾರೆ, ಕೈಕಾಲು ಸರಿಯಿದೆ ಎಂಬ ಕಾರಣಕ್ಕೆ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿಗೆ ಅರ್ಜಿ ಹಾಕದೆ ಬಿಡಬೇಡಿ. ಅರ್ಜಿಯ ಜೊತೆ ಸ್ಕ್ಯಾನ್ ವರದಿ, ಡಿಸ್ಚಾರ್ಜ್ ಸಾರಾಂಶ, ಅಫೇಸಿಯಾ ಪರೀಕ್ಷೆಯ ವರದಿ ಇಟ್ಟುಕೊಳ್ಳಿ.